ಕಾಗದಕ್ಕೆ ಅಂಟಿದ ಕಿಣ್ವ ಮೂರನೇ ಸಲಕ್ಕೆ ಎಲ್ಲಿ ಹೋಯಿತು?

ಪ್ರಶ್ನೆ: ಸಕ್ಕರೆ ಒಡೆಯುವ, ಯೀಸ್ಟ್‌ನ ಇನ್ವರ್ಟೇಸ್ ಕಿಣ್ವವನ್ನು ಸೆಲ್ಯುಲೋಸ್‌ಗೆ ಕಟ್ಟುವುದು ನನ್ನ ಪ್ರಾಜೆಕ್ಟ್. ಪಿಎಚ್ 8ರ 50 ಮಿಲಿಮೋಲಾರ್ ಟ್ರಿಸ್ ಬಫರ್‌ನಲ್ಲಿ ಕಿಣ್ವ ಕರಗಿಸಿ, ಫಿಲ್ಟರ್ ಪೇಪರ್ ಚೂರುಗಳನ್ನು ಹಾಕಿ, ಮೇಲೆ ಗ್ಲೂಟರಾಲ್ಡಿಹೈಡ್ ಸೇರಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮೇಲಿನ ದ್ರವಕ್ಕೆ ಬ್ರ್ಯಾಡ್‌ಫರ್ಡ್ (ಬಣ್ಣ ಹಾಕಿ ಪ್ರೋಟೀನ್ ಅಳೆಯುವ ಪರೀಕ್ಷೆ) ಮಾಡಿದರೆ 85% ಪ್ರೋಟೀನ್ ಅದರಲ್ಲಿ ಇರಲಿಲ್ಲ. ಅಷ್ಟೂ ಅಂಟಿದೆ ಅಂದುಕೊಂಡೆ. ಆದರೆ ಪಿಎಚ್ 4.5ರಲ್ಲಿ ಸಕ್ಕರೆ ಒಡೆಯಲು ಬಿಟ್ಟಾಗ ಮೊದಲ ಸಲ 20% ಚಟುವಟಿಕೆ, ಎರಡನೇ ಸಲ ಅದರರ್ಧ, ಮೂರನೇ ಸಲಕ್ಕೆ ಹೆಚ್ಚುಕಡಿಮೆ ಸೊನ್ನೆ. ಗ್ಲೂಟರಾಲ್ಡಿಹೈಡ್ ಜಾಸ್ತಿ ಹಾಕಲಾ? ಅಥವಾ ಸೆಲ್ಯುಲೋಸ್ ಬಿಟ್ಟು ಬೇರೆ ಪಾಲಿಮರ್ ಹಿಡಿಯಲಾ?

ಉತ್ತರ: ಜಾಸ್ತಿ ಹಾಕಬೇಡಿ. ಸೆಲ್ಯುಲೋಸ್ ಬಿಡುವುದೂ ಬೇಡ, ಅದರ ತಪ್ಪೇನೂ ಇಲ್ಲ. ನಿಮ್ಮ ಕಿಣ್ವ ಕಾಗದಕ್ಕೆ ಕಚ್ಚಿಕೊಂಡೇ ಇಲ್ಲ ಅನ್ನುವುದು ನನ್ನ ಅನುಮಾನ.

ಬಟ್ಟೆಗೆ ಬಣ್ಣ ಹಾಕುವವರು ಎರಡು ಮಾತು ಬಳಸುತ್ತಾರೆ. ಬಣ್ಣ ಅಂಟುವುದು ಬೇರೆ, ಕಚ್ಚುವುದು ಬೇರೆ. ಅಂಟಿದ್ದು ನಾಲ್ಕು ಸಲ ಒಗೆದರೆ ಹೋಗುತ್ತದೆ, ಕಚ್ಚಿದ್ದು ಬಟ್ಟೆ ಹರಿಯುವವರೆಗೂ ಇರುತ್ತದೆ. ಕಿಣ್ವದ ವಿಷಯದಲ್ಲಿ ಮೂರನೆಯದೂ ಒಂದಿದೆ: ಕಚ್ಚಿದ ಮೇಲೂ ಅದು ಕೆಲಸ ಮಾಡಬೇಕು. ಅಂಟಿದ್ದೆಷ್ಟು, ಕಚ್ಚಿದ್ದೆಷ್ಟು, ಕೆಲಸ ಮಾಡುತ್ತಿರುವುದೆಷ್ಟು ಎಂಬ ಮೂರು ಲೆಕ್ಕಗಳನ್ನೂ ಬೇರೆ ಬೇರೆಯಾಗಿ ಇಡಬೇಕು. ನಿಮ್ಮ 85% ಇದರಲ್ಲಿ ಯಾವ ಲೆಕ್ಕಕ್ಕೂ ಸರಿಯಾಗಿ ಸೇರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ರಸಾಯನ ನೋಡೋಣ. ಗ್ಲೂಟರಾಲ್ಡಿಹೈಡ್ ಎರಡು ತುದಿಯ ಕೊಕ್ಕೆ ಇದ್ದ ಹಾಗೆ, ತುದಿಗೊಂದು ಆಲ್ಡಿಹೈಡ್ ಗುಂಪು, ಎರಡಕ್ಕೂ ಬೇಕಾದದ್ದು ಅಮೈನ್ ಗುಂಪು. ಕಿಣ್ವದಲ್ಲಿ ಅಮೈನ್ ಇರುವ ಲೈಸಿನ್‌ಗಳಿವೆ, ಹಾಗಾಗಿ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಸೆಲ್ಯುಲೋಸ್‌ನಲ್ಲಿ? ಅದು ಗ್ಲೂಕೋಸ್‌ಗಳ ಉದ್ದನೆಯ ಸರಪಳಿ, ಒಂದೊಂದು ಗ್ಲೂಕೋಸ್ ಕೊಂಡಿಯಲ್ಲೂ ಮೂರು ಹೈಡ್ರಾಕ್ಸಿಲ್ ಇವೆ, ಅಮೈನ್ ಒಂದೂ ಇಲ್ಲ. ಹೈಡ್ರಾಕ್ಸಿಲ್ ಜೊತೆ ಗ್ಲೂಟರಾಲ್ಡಿಹೈಡ್ ಸೇರಬೇಕಾದರೆ ಆಮ್ಲ ಬೇಕು, ಬಿಸಿ ಬೇಕು. ಪಿಎಚ್ 8ರ ತಣ್ಣನೆಯ ನೀರಿನಲ್ಲಿ ಅದು ಸೆಲ್ಯುಲೋಸ್ ಕಡೆ ತಿರುಗಿಯೂ ನೋಡುವುದಿಲ್ಲ. ಗ್ಲೂಟರಾಲ್ಡಿಹೈಡ್ ವಿಧಾನಗಳನ್ನು ಬರೆದಿರುವುದು ಅಮೈನ್ ಇರುವ ಕೈಟೋಸಾನ್ ಎಂಬ ಪಾಲಿಮರ್‌ಗೆ ಅಥವಾ ಅಮೈನ್ ಕೂರಿಸಿದ ಆಸರೆಗಳಿಗೆ (ಕಿಣ್ವ ಕಟ್ಟುವ ಘನವಸ್ತುಗಳಿಗೆ). ಅದನ್ನೇ ಓದಿಕೊಂಡು ಬರಿ ಕಾಗದಕ್ಕೆ ಮಾಡುವುದು ತುಂಬಾ ಸಾಮಾನ್ಯವಾದ ತಪ್ಪು, ನಾಚಿಕೊಳ್ಳಬೇಕಾಗಿಲ್ಲ.

ಇನ್ನು ಟ್ರಿಸ್. ಟ್ರಿಸ್ ಅಂದರೇನು ಹೇಳಿ? ಅದೇ ಒಂದು ಪ್ರೈಮರಿ ಅಮೈನ್. ನಿಮ್ಮ ದ್ರವದಲ್ಲಿ ಕಿಣ್ವ ಮಿಲಿಲೀಟರ್‌ಗೆ 1 ಮಿಲಿಗ್ರಾಂ ಇದ್ದರೂ ಅದರ ಲೈಸಿನ್‌ಗಳಿಗಿಂತ ಟ್ರಿಸ್ ನೂರು ಪಟ್ಟಿಗೂ ಜಾಸ್ತಿ ಇರುತ್ತದೆ. ಗ್ಲೂಟರಾಲ್ಡಿಹೈಡ್ ಮೊದಲು ಯಾರಿಗೆ ಸಿಗುತ್ತದೆ ಅಂತ ನೀವೇ ಊಹಿಸಿ. ನಾನೂ ಕಲಿಯುವಾಗ ಎರಡು ತಿಂಗಳು ಟ್ರಿಸ್‌ನಲ್ಲೇ ಒದ್ದಾಡಿದ್ದೇನೆ. ಕಿಣ್ವ ಕೆಟ್ಟಿದೆ ಅಂತ ಬಾಟಲಿ ಬದಲಾಯಿಸಿದೆ, ಆಸರೆ ಸರಿಯಿಲ್ಲ ಅಂತ ಅದನ್ನೂ ಬದಲಾಯಿಸಿದೆ, ಬಫರ್ ಮಾತ್ರ ಮುಟ್ಟಲಿಲ್ಲ, ಯಾಕೆಂದರೆ ಅದು ನಮ್ಮ ಲ್ಯಾಬ್‌ನಲ್ಲಿ ಯಾವಾಗಲೂ ಡಬ್ಬಿಗಟ್ಟಲೆ ಮಾಡಿಟ್ಟಿರುತ್ತಿದ್ದ ಬಫರ್. ಆಲ್ಡಿಹೈಡ್ ಇರುವಲ್ಲಿ ಟ್ರಿಸ್, ಗ್ಲೈಸಿನ್, ಅಮೋನಿಯಂ ಉಪ್ಪು ಯಾವುದೂ ಬೇಡ. ಫಾಸ್ಫೇಟ್ ಬಳಸಿ. ಕೊಂಡುತಂದ ಕಿಣ್ವ ಅಮೋನಿಯಂ ಸಲ್ಫೇಟ್‌ನಲ್ಲೋ ಗ್ಲಿಸರಾಲ್‌ನಲ್ಲೋ ಬಂದಿದ್ದರೆ ಮೊದಲು ಡಯಾಲಿಸಿಸ್ ಮಾಡಿ ಅದನ್ನು ತೆಗೆಯಿರಿ.

ಹಾಗಾದರೆ ಆ 85% ಎಲ್ಲಿ ಹೋಯಿತು? ಫಿಲ್ಟರ್ ಪೇಪರ್ ಚೂರೊಂದನ್ನು ಚಿಮಟದಲ್ಲಿ ಎತ್ತಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೂ ಕಾಯಿರಿ. ನಿಂತ ಮೇಲೂ ಅದು ತನ್ನ ತೂಕಕ್ಕಿಂತ ಜಾಸ್ತಿ ನೀರು ಹಿಡಿದುಕೊಂಡಿರುತ್ತದೆ, ತೂಗಿ ನೋಡಿದರೆ ಗೊತ್ತಾಗುತ್ತದೆ. ಆ ನೀರು ನಿಮ್ಮ ಕಿಣ್ವದ ದ್ರಾವಣವೇ. ಉಳಿದ ದ್ರವದ ಪ್ರಮಾಣ ಅಳೆದು ಸಾಂದ್ರತೆಯಿಂದ ಗುಣಿಸಿ, ಶುರುವಿನ ಲೆಕ್ಕದಿಂದ ಕಳೆದಿದ್ದರೆ, ಕಾಗದದೊಳಗೆ ಸುಮ್ನೆ ನೆನೆದು ಕೂತ ಕಿಣ್ವವನ್ನೂ ಅಂಟಿದ್ದು ಅಂತ ಎಣಿಸಿದ್ದೀರಿ. ಮೊದಲ ಸಲದ 20% ಬಹುಪಾಲು ಅದೇ ಇರಬೇಕು. ಎರಡನೇ ಸಲಕ್ಕೆ ಅರ್ಧ, ಮೂರಕ್ಕೆ ಸೊನ್ನೆ ಅನ್ನುವುದು ಒದ್ದೆ ಕಾಗದವನ್ನು ಜಾಲಿಸಿದಾಗ ಆಗುವುದೇ.

ಇನ್ನೊಂದು ಪಾಲು ಬಾಟಲಿಯ ತಳದಲ್ಲಿರಬಹುದು. ಟ್ರಿಸ್ ತಿಂದು ಉಳಿಸಿದ ಗ್ಲೂಟರಾಲ್ಡಿಹೈಡ್ ಕಿಣ್ವದ ಅಣುವನ್ನು ಇನ್ನೊಂದು ಕಿಣ್ವದ ಅಣುವಿಗೇ ಹೆಣೆದು, ಸಣ್ಣ ಗಷ್ಟಾಗಿ ಇಳಿಸಿರುತ್ತದೆ. ಮೇಲಿನ ದ್ರವ ತಿಳಿಯಾಗಿ ಕಾಣುತ್ತದೆ, ಪ್ರೋಟೀನ್ ಸಿಗುವುದಿಲ್ಲ. ಗ್ಲೂಟರಾಲ್ಡಿಹೈಡ್ ಜಾಸ್ತಿ ಮಾಡಿದರೆ ಈ ಗಷ್ಟು ಜಾಸ್ತಿಯಾಗುತ್ತದೆ, ನಿಮ್ಮ 85% ಹೋಗಿ 95% ಆಗುತ್ತದೆ, ಚಟುವಟಿಕೆ ಇನ್ನೂ ಇಳಿಯುತ್ತದೆ. ಅದಕ್ಕೇ ಬೇಡ ಅಂದಿದ್ದು.

ಬ್ರ್ಯಾಡ್‌ಫರ್ಡ್ ಬಗ್ಗೆಯೂ ಒಂದು ಮಾತು. ಯೀಸ್ಟ್‌ನ ಹೊರಗೆ ಸ್ರವಿಸುವ ಇನ್ವರ್ಟೇಸ್ ತೂಕದಲ್ಲಿ ಸುಮಾರು ಅರ್ಧ ಸಕ್ಕರೆ, ಮ್ಯಾನೋಸ್ ಸರಪಳಿಗಳು ಹೊದ್ದುಕೊಂಡಿರುತ್ತವೆ. ಇಂಥ ಗ್ಲೈಕೊಪ್ರೋಟೀನ್‌ಗಳಿಗೆ ಬ್ರ್ಯಾಡ್‌ಫರ್ಡ್ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಜೊತೆಗೆ ಕಚ್ಚಾ ಕಿಣ್ವದ ಪುಡಿಯಲ್ಲಿ ಇನ್ವರ್ಟೇಸ್ ಅಲ್ಲದ ಪ್ರೋಟೀನ್ ಬೇಕಾದಷ್ಟಿರುತ್ತದೆ. ಪ್ರೋಟೀನ್ ಬಿಟ್ಟು ಯೂನಿಟ್‌ಗಳಲ್ಲಿ, ಅಂದರೆ ಕಿಣ್ವದ ಚಟುವಟಿಕೆಯ ಅಳತೆಯಲ್ಲಿ, ಲೆಕ್ಕ ಇಡಿ. 100 ಯೂನಿಟ್ ಹಾಕಿದಿರಿ, ಮೇಲಿನ ದ್ರವ ಮತ್ತು ಎಲ್ಲ ತೊಳೆದ ನೀರು ಸೇರಿ 40 ಸಿಕ್ಕಿತು ಅಂದರೆ ಆಸರೆಗೆ ಹೋದದ್ದು 60. ಆಸರೆಯನ್ನೇ ಅಳೆದಾಗ 18 ಯೂನಿಟ್ ಬಂದರೆ, ಹೋದದ್ದರಲ್ಲಿ 30% ಮಾತ್ರ ಕೆಲಸ ಮಾಡುತ್ತಿದೆ. ಉಳಿದ 42 ಎಲ್ಲಿ ಅನ್ನುವುದೇ ನಿಮ್ಮ ಪ್ರಾಜೆಕ್ಟ್‌ನ ನಿಜವಾದ ಪ್ರಶ್ನೆ. ಆಸರೆ ಹಾಕದೆ ಬರಿ ಕಿಣ್ವವನ್ನು ಅದೇ ಬಫರ್‌ನಲ್ಲಿ, ಅಷ್ಟೇ ಹೊತ್ತು, ಅದೇ ತಾಪದಲ್ಲಿ ಇಟ್ಟು ನೋಡಿ. ಅದು ತಾನಾಗಿಯೇ ಸಾಯುತ್ತಿದ್ದರೆ ಆ ಪಾಪ ಆಸರೆಯ ತಲೆಗೆ ಕಟ್ಟಬಾರದು.

ಈಗ ಕಚ್ಚಿಸುವುದು ಹೇಗೆ ಅಂತ.

ತಮಾಷೆ ನೋಡಿ, ಆಸರೆಗೆ ಕೂರಿಸಿದ ಕಿಣ್ವಗಳ ಕಥೆ ಶುರುವಾಗುವುದೇ ನಿಮ್ಮ ಇನ್ವರ್ಟೇಸ್‌ನಿಂದ. 1916ರಲ್ಲಿ ನೆಲ್ಸನ್ ಮತ್ತು ಗ್ರಿಫಿನ್ ಇದನ್ನು ಇದ್ದಿಲಿಗೆ ಅಂಟಿಸಿ, ಅಂಟಿದ ಮೇಲೂ ಅದು ಸಕ್ಕರೆ ಒಡೆಯುತ್ತದೆ ಅಂತ ತೋರಿಸಿದರು. ಬರಿ ಅಂಟಿಸಿದ್ದು, ಕಚ್ಚಿಸಿದ್ದಲ್ಲ. ಸೆಲ್ಯುಲೋಸ್‌ನಂಥ ಪಾಲಿಮರ್‌ಗೆ ರಾಸಾಯನಿಕ ಬಂಧದಿಂದ ಕಟ್ಟುವ ಕೆಲಸ ಭರದಿಂದ ನಡೆದದ್ದು 1960ರ ದಶಕದಲ್ಲಿ. 1967ರಲ್ಲಿ ಸ್ವೀಡನ್ನಿನ ಉಪ್ಸಲಾದ ಆಕ್ಸೆನ್, ಪೊರಾತ್, ಅರ್ನ್‌ಬಾಕ್ ಅವರು ಸಯನೋಜೆನ್ ಬ್ರೋಮೈಡ್‌ನಿಂದ ಹೈಡ್ರಾಕ್ಸಿಲ್‌ಗಳನ್ನು ಎಬ್ಬಿಸಿ ಪ್ರೋಟೀನ್ ಕಟ್ಟುವ ದಾರಿ ಕೊಟ್ಟರು. ಅದೇ ವರ್ಷ ಕೇ ಮತ್ತು ಕ್ರೂಕ್ ಟ್ರೈಅಜೀನ್ ಬಳಸಿ ಸೆಲ್ಯುಲೋಸ್‌ಗೆ ಕಿಣ್ವ ಕಟ್ಟಿದರು. ಹತ್ತಿ ಬಟ್ಟೆಗೆ ಕಚ್ಚುವ ರಿಯಾಕ್ಟಿವ್ ಬಣ್ಣಗಳು 1956ರಲ್ಲಿ ಮಾರುಕಟ್ಟೆಗೆ ಬಂದಿದ್ದವಲ್ಲ, ಅವುಗಳಲ್ಲಿ ಇರುವುದೂ ಇದೇ ಟ್ರೈಅಜೀನ್ ಉಂಗುರ. ಹತ್ತಿ ಅಂದರೆ ಸೆಲ್ಯುಲೋಸ್ ತಾನೇ. ಬಣ್ಣದ ಜಾಗದಲ್ಲಿ ಕಿಣ್ವ ಕೂತಿತು, ಅಷ್ಟೇ.

ಸಯನೋಜೆನ್ ಬ್ರೋಮೈಡ್ ಮಾತ್ರ ನೀವು ಮುಟ್ಟಬೇಡಿ. ಕಡು ವಿಷ, ಅದರ ತ್ಯಾಜ್ಯ ಆಮ್ಲಕ್ಕೆ ತಾಗಿದರೆ ಹೈಡ್ರೋಜನ್ ಸಯನೈಡ್ ಏಳಬಹುದು. ಮೇಲಾಗಿ ಅದು ಕಟ್ಟುವ ಬಂಧವೂ ಪೂರಾ ಗಟ್ಟಿಯಲ್ಲ, ನಿಧಾನಕ್ಕೆ ಸೋರುತ್ತದೆ.

ನಿಮಗೆ ಹೇಳುವುದು ಪೆರಿಯೊಡೇಟ್ ದಾರಿ. ಗ್ಲೂಕೋಸ್ ಕೊಂಡಿಯಲ್ಲಿ ಎರಡನೇ ಮತ್ತು ಮೂರನೇ ಕಾರ್ಬನ್‌ಗಳ ಮೇಲೆ ಪಕ್ಕಪಕ್ಕದಲ್ಲಿ ಹೈಡ್ರಾಕ್ಸಿಲ್ ಇವೆ. ಪೆರಿಯೊಡೇಟ್ ಸರಿಯಾಗಿ ಆ ಎರಡರ ನಡುವೆ ಕತ್ತರಿಸಿ, ಎರಡೂ ಕಡೆ ಆಲ್ಡಿಹೈಡ್ ಬಿಟ್ಟುಹೋಗುತ್ತದೆ. ಸರಪಳಿ ತುಂಡಾಗುವುದಿಲ್ಲ, ಉಂಗುರ ಮಾತ್ರ ಬಿಚ್ಚಿಕೊಳ್ಳುತ್ತದೆ. ಈಗ ಸೆಲ್ಯುಲೋಸ್‌ಗೇ ಕೊಕ್ಕೆ ಬಂತು, ಗ್ಲೂಟರಾಲ್ಡಿಹೈಡ್ ಬೇಕಾಗಿಯೇ ಇಲ್ಲ.

ಎಷ್ಟು ಹಾಕಬೇಕು? 1 ಗ್ರಾಂ ಸೆಲ್ಯುಲೋಸ್‌ನಲ್ಲಿ ಸುಮಾರು 6.2 ಮಿಲಿಮೋಲ್ ಗ್ಲೂಕೋಸ್ ಕೊಂಡಿಗಳಿವೆ. ಅದರಲ್ಲಿ ನೂರಕ್ಕೆ ಹತ್ತನ್ನು ಬಿಚ್ಚಲು 0.62 ಮಿಲಿಮೋಲ್ ಸಾಕು, ಅಂದರೆ ಸೋಡಿಯಂ ಪೆರಿಯೊಡೇಟ್ ಹತ್ತಿರಹತ್ತಿರ 0.13 ಗ್ರಾಂ. ಅದಕ್ಕಿಂತ ಆಸೆ ಬೇಡ. ಜಾಸ್ತಿ ಆಲ್ಡಿಹೈಡ್ ಇದ್ದರೆ ಜಾಸ್ತಿ ಕಿಣ್ವ ಹಿಡಿಯುತ್ತದೆ ಅನ್ನಿಸುತ್ತದೆ, ಆದರೆ ತುಂಬಾ ಬಿಚ್ಚಿದ ಸೆಲ್ಯುಲೋಸ್ ಬಲ ಕಳೆದುಕೊಳ್ಳುತ್ತದೆ, ಕ್ಷಾರದಲ್ಲಿ ಒಡೆಯುತ್ತದೆ, ಬಿಸಿನೀರಿನಲ್ಲಿ ಕರಗಿಯೂ ಹೋಗುತ್ತದೆ. ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಕತ್ತಲಲ್ಲೇ ನಡೆಸಿ, ಬೆಳಕಿದ್ದರೆ ಪೆರಿಯೊಡೇಟ್ ಬೇಡದ ಕೆಲಸಕ್ಕೂ ಕೈ ಹಾಕುತ್ತದೆ. ರಾತ್ರಿಯಿಡೀ ನಿಧಾನಕ್ಕೆ ಅಲುಗಾಡಿಸಿ, ಬೆಳಿಗ್ಗೆ ಒಂದಿಷ್ಟು ಎಥಿಲೀನ್ ಗ್ಲೈಕಾಲ್ ಸುರಿದು ಉಳಿದ ಪೆರಿಯೊಡೇಟ್ ಮುಗಿಸಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಪೆರಿಯೊಡೇಟ್ ಉಳಿದುಬಿಟ್ಟರೆ ಅದು ಕಿಣ್ವದ ಮೇಲೇ ಬೀಳುತ್ತದೆ.

ನಂತರ ಕಿಣ್ವ. ಫಾಸ್ಫೇಟ್ ಬಫರ್, ಪಿಎಚ್ 7.5ರ ಆಸುಪಾಸು, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಲೈಸಿನ್‌ಗಳು ಚುರುಕಾಗಬೇಕಾದರೆ ಪಿಎಚ್ 9, 10ಕ್ಕೆ ಏರಿಸಬೇಕು ಅಂತ ಎಲ್ಲೆಡೆ ಬರೆದಿರುತ್ತಾರೆ, ಅದು ನಿಜವೇ, ಆದರೆ ಅಲ್ಲಿ ನಿಮ್ಮ ಇನ್ವರ್ಟೇಸ್ ಬಾಳುತ್ತದಾ ಅಂತ ಮೊದಲು ಸಣ್ಣ ಟ್ಯೂಬ್‌ನಲ್ಲಿ ನೋಡಿಕೊಳ್ಳಿ. ಇದು ಆಮ್ಲ ಇಷ್ಟಪಡುವ ಕಿಣ್ವ. ಒಂದಷ್ಟು ಸುಕ್ರೋಸ್ ಹಾಕಿ ಕಟ್ಟಿದರೆ ಸಕ್ರಿಯ ತಾಣ ಕಾಯುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ತತ್ವ ಸರಿ. ಟ್ರಿಪ್ಸಿನ್ ಎಂಬ ಕಿಣ್ವಕ್ಕೆ ಅದರ ಸಕ್ರಿಯ ತಾಣದಲ್ಲಿ ಕೂರುವ ಬೆಂಜಮಿಡೀನ್ ಹಾಕುವುದು ಇದೇ ಕಾರಣಕ್ಕೆ. ಆದರೆ ಇನ್ವರ್ಟೇಸ್ ಆ ಸುಕ್ರೋಸನ್ನು ತಿಂದು ಮುಗಿಸುತ್ತದೆ, ಅಲ್ವಾ? ಬಂದ ಗ್ಲೂಕೋಸ್ ನಿಮ್ಮ ಮುಂದಿನ ಅಳತೆಗೂ ಅಡ್ಡ ಬರುತ್ತದೆ. ಇಲ್ಲಿ ಅದನ್ನು ಬಿಟ್ಟುಬಿಡಿ.

ಈಗ ಮುಖ್ಯ ವಿಷಯ, ದಯವಿಟ್ಟು ಇದನ್ನು ಹಾರಿಸಬೇಡಿ. ಆಲ್ಡಿಹೈಡ್ ಮತ್ತು ಅಮೈನ್ ಸೇರಿ ಆಗುವುದು ಷಿಫ್ ಬೇಸ್, ಅದು ಹೋಗಿಬರುವ ಬಂಧ. ಪಿಎಚ್ 8ರಲ್ಲಿ ಕಟ್ಟಿಕೊಂಡಿರುತ್ತದೆ, ಆಮ್ಲ ಸಿಕ್ಕಿದರೆ ಬಿಚ್ಚಿಕೊಳ್ಳುತ್ತದೆ. ನೀವು ಅಳೆಯುವುದು ಪಿಎಚ್ 4.5ರಲ್ಲಿ! ರಾತ್ರಿಯೆಲ್ಲ ಕಟ್ಟಿದ್ದನ್ನು ಬೆಳಿಗ್ಗೆ ಅಸಿಟೇಟ್ ಬಫರ್‌ನಲ್ಲಿ ನೀವೇ ಬಿಚ್ಚುತ್ತೀರಿ. ಅದಕ್ಕೇ ಆಮ್ಲಕ್ಕೆ ಒಯ್ಯುವ ಮುಂಚೆ ಸೋಡಿಯಂ ಬೋರೋಹೈಡ್ರೈಡ್‌ನಿಂದ ಆ ಬಂಧಕ್ಕೆ ಬೀಗ ಹಾಕಬೇಕು. ಮಿಲಿಲೀಟರ್‌ಗೆ 1 ಮಿಲಿಗ್ರಾಂ ಸಾಕು, ಮಂಜುಗಡ್ಡೆಯಲ್ಲಿಟ್ಟು ಅರ್ಧ ಗಂಟೆ, ಪಿಎಚ್ 8ಕ್ಕೆ ಕಡಿಮೆ ಇಳಿಸದೆ. ಸಣ್ಣ ಗುಳ್ಳೆ ಏಳುತ್ತವೆ, ಅದು ಹೈಡ್ರೋಜನ್, ಮುಚ್ಚಳ ಬಿಗಿಯಬೇಡಿ, ಹತ್ತಿರ ಬೆಂಕಿ ಇರಬಾರದು. ಖಾಲಿ ಉಳಿದ ಆಲ್ಡಿಹೈಡ್‌ಗಳೂ ಇದರಲ್ಲೇ ಹೈಡ್ರಾಕ್ಸಿಲ್ ಆಗಿಬಿಡುತ್ತವೆ. ಇದರಿಂದ ನಿಮಗೆ ಇನ್ನೊಂದು ಉಪಕಾರವೂ ಇದೆ.

ಅದೇನೆಂದರೆ ಡಿಎನ್‌ಎಸ್ (ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲ) ಅಳತೆಯಲ್ಲಿ. ಸಕ್ಕರೆ ಅಳೆಯಲು ನೀವು ಡಿಎನ್‌ಎಸ್ ಬಳಸಿ 540 ನ್ಯಾನೋಮೀಟರ್‌ನಲ್ಲಿ ಓದುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಅದು ಗ್ಲೂಕೋಸನ್ನು ಗುರುತಿಸುವುದು ಅದರ ಆಲ್ಡಿಹೈಡ್‌ನಿಂದ. ನಿಮ್ಮ ಸೆಲ್ಯುಲೋಸ್ ಮೇಲೆಯೇ ಆಲ್ಡಿಹೈಡ್ ಇದ್ದರೆ? ಕಾಗದದ ಚೂರು ಸಮೇತ ಕುದಿಸಿದರೆ ಕಿಣ್ವ ಇಲ್ಲದಿದ್ದರೂ ಬಣ್ಣ ಕೆಂಪಗೆ ಏರುತ್ತದೆ. ಒಬ್ಬ ವಿದ್ಯಾರ್ಥಿ 130% ಚಟುವಟಿಕೆ ಅಂತ ಕುಣಿದುಕೊಂಡು ಬಂದಿದ್ದ, ಕಿಣ್ವ ಹಾಕದ ಕಾಗದ ತೋರಿಸು ಅಂದೆ, ಅದರಲ್ಲೂ ಒಳ್ಳೇ ಚಟುವಟಿಕೆ ಇತ್ತು! ಹಾಗಾಗಿ ಆಸರೆಯನ್ನು ಹೊರಗೆ ತೆಗೆದು ದ್ರವಕ್ಕೆ ಮಾತ್ರ ಡಿಎನ್‌ಎಸ್ ಹಾಕಿ, ಮತ್ತು ಕಿಣ್ವವಿಲ್ಲದ, ಉಳಿದೆಲ್ಲ ಹಂತ ದಾಟಿದ ಕಾಗದವನ್ನು ಪ್ರತಿ ಸಲವೂ ಬ್ಲ್ಯಾಂಕ್ ಆಗಿ ಇಡಿ.

ಕಚ್ಚಿದೆಯೋ ಬರಿ ಅಂಟಿದೆಯೋ ಅಂತ ಪರೀಕ್ಷಿಸುವುದು ಸುಲಭ. 1 ಮೋಲಾರ್ ಉಪ್ಪುನೀರಿನಲ್ಲಿ ತೊಳೆಯಿರಿ, ತೊಳೆದ ನೀರಿನಲ್ಲಿ ಚಟುವಟಿಕೆ ಸೊನ್ನೆ ಆಗುವವರೆಗೂ ತೊಳೆಯಿರಿ, ಮೂರು ಸಲ ಅಂತ ಲೆಕ್ಕ ಇಟ್ಟುಕೊಂಡು ನಿಲ್ಲಿಸಬೇಡಿ. ಆಮೇಲೆ ಸಕ್ಕರೆ ಹಾಕಿ ಕ್ರಿಯೆ ಶುರುಮಾಡಿ, ಅರ್ಧದಲ್ಲಿ ಕಾಗದ ತೆಗೆದುಬಿಡಿ. ಉಳಿದ ದ್ರವದಲ್ಲಿ ಗ್ಲೂಕೋಸ್ ಇನ್ನೂ ಏರುತ್ತಾ ಹೋದರೆ ಕಿಣ್ವ ಸೋರಿದೆ. ನಿಂತಲ್ಲೇ ನಿಂತರೆ ಕಚ್ಚಿದೆ. ಇದಕ್ಕಿಂತ ಪ್ರಾಮಾಣಿಕ ಪರೀಕ್ಷೆ ಇನ್ನೊಂದಿಲ್ಲ, ಖರ್ಚೂ ಇಲ್ಲ.

ಎಲ್ಲ ಸರಿಮಾಡಿದ ಮೇಲೂ 100% ಬರುವುದಿಲ್ಲ, ಅದಕ್ಕೆ ಸಿದ್ಧವಾಗಿರಿ. ಕೆಲವು ಅಣುಗಳು ಬಾಯಿ ಕೆಳಗೆ ಮಾಡಿ ಕೂತಿರುತ್ತವೆ. ಕೆಲವು ನಾಲ್ಕಾರು ಕಡೆ ಬಿಗಿದು ಆಕಾರವೇ ಕೆಟ್ಟಿರುತ್ತದೆ. ಹಲವು ಕಡೆ ಬಿಗಿಯುವುದು ಯಾವಾಗಲೂ ಕೆಟ್ಟದ್ದೇನಲ್ಲ, ಬಿಸಿಗೆ ಬಿಚ್ಚಿಕೊಳ್ಳದಂತೆ ಅದೇ ಕಾಪಾಡುತ್ತದೆ. ಮತ್ತೆ ಕೆಲವು ನಾರಿನ ಒಳಗೆ ಆಳದಲ್ಲಿ ಕೂತು, ಸಕ್ಕರೆ ಅಲ್ಲಿಗೆ ತಲುಪುವ ಮುಂಚೆ ಹೊರಗಿನವೇ ತಿಂದುಬಿಡುವುದರಿಂದ ಉಪವಾಸ ಬೀಳುತ್ತವೆ. ಇದನ್ನು ಹೀಗೆ ಪತ್ತೆ ಮಾಡಿ: ಕಟ್ಟುವಾಗ ಅರ್ಧದಷ್ಟೇ ಕಿಣ್ವ ಕೊಡಿ. ಆಸರೆಯ ಚಟುವಟಿಕೆಯೂ ಅರ್ಧಕ್ಕೆ ಇಳಿದರೆ ಎಲ್ಲರಿಗೂ ಊಟ ಸಿಗುತ್ತಿದೆ. ಸ್ವಲ್ಪವೇ ಇಳಿದರೆ ಮೊದಲಿನ ಅರ್ಧ ಕಿಣ್ವ ದಂಡವಾಗಿತ್ತು ಅಂತ ಅರ್ಥ. ಪಿಎಚ್ ಕೂಡ ಆಸರೆಯ ಹತ್ತಿರ ಬೇರೆಯೇ ಇರಬಹುದು. 1964ರಲ್ಲಿ ಇಸ್ರೇಲಿನ ಗೋಲ್ಡ್‌ಸ್ಟೀನ್, ಲೆವಿನ್, ಕಚಾಲ್ಸ್ಕಿ ಅವರು ಋಣ ಆವೇಶದ ಪಾಲಿಮರ್‌ಗೆ ಟ್ರಿಪ್ಸಿನ್ ಕಟ್ಟಿದಾಗ, ಅದಕ್ಕೆ ಹಿತವಾದ ಪಿಎಚ್ ಕ್ಷಾರದ ಕಡೆ ಸರಿಯಿತು. ಆ ಪಾಲಿಮರ್ ತನ್ನ ಸುತ್ತ ಹೈಡ್ರೋಜನ್ ಅಯಾನುಗಳನ್ನು ಸೆಳೆದಿಟ್ಟುಕೊಂಡಿತ್ತು. ಅದಕ್ಕೇ 4.5ರಲ್ಲಿ ಮಾತ್ರ ಅಳೆದು ಬಿಡಬೇಡಿ, 3.5ರಿಂದ 6ರವರೆಗೆ ಒಂದು ಸುತ್ತು ಹಾಕಿ.

ಇನ್ನು ಬೇರೆ ಪಾಲಿಮರ್. ಕೈಟೋಸಾನ್ ಮಣಿ ಮಾಡಿಕೊಂಡರೆ ಅದರಲ್ಲಿ ಅಮೈನ್ ಇದ್ದೇ ಇದೆ, ಅಲ್ಲಿ ನಿಮ್ಮ ಗ್ಲೂಟರಾಲ್ಡಿಹೈಡ್ ಸರಿಹೊಂದುತ್ತದೆ. ಆದರೆ ಕೈಟೋಸಾನ್ ಆಮ್ಲದಲ್ಲಿ ಕರಗುವ ಪದಾರ್ಥ, ಪಿಎಚ್ 4.5ಕ್ಕೆ ಬರುವಷ್ಟರಲ್ಲಿ ಚೆನ್ನಾಗಿ ಹೆಣೆದಿರಬೇಕು. ಮೊದಲು ಗ್ಲೂಟರಾಲ್ಡಿಹೈಡ್‌ನಲ್ಲಿ ಮಣಿ ನೆನೆಸಿ, ತೊಳೆದು, ಆಮೇಲೆ ಕಿಣ್ವ ಕೊಡಿ. ಎಲ್ಲ ಒಟ್ಟಿಗೆ ಸುರಿದರೆ ಮತ್ತೆ ಅದೇ ಗಷ್ಟು. ಆಲ್ಜಿನೇಟ್ ಮಣಿ ಬೇಡ, ಅದರ ರಂಧ್ರಗಳಿಂದ ಕಿಣ್ವ ನುಸುಳುತ್ತದೆ, ಫಾಸ್ಫೇಟ್ ಅಥವಾ ಸಿಟ್ರೇಟ್ ಬಫರ್ ಸಿಕ್ಕಿದರೆ ಕ್ಯಾಲ್ಸಿಯಂ ಕಳೆದುಕೊಂಡು ಮಣಿಯೇ ಲೊಳೆಯಾಗುತ್ತದೆ. ಅದು ಇಡೀ ಜೀವಕೋಶ ಹಿಡಿದಿಡಲು ಒಳ್ಳೆಯದು. ಎಪಾಕ್ಸಿ ಇರುವ ಅಕ್ರಿಲಿಕ್ ಮಣಿಗಳು ಪೆನ್ಸಿಲಿನ್ ಅಸೈಲೇಸ್‌ಗೆ ಹೆಸರು ಮಾಡಿದವು, ಒಳ್ಳೆಯವು, ಆದರೆ ಅಲ್ಲಿ ಬಫರ್ ಗಾಢವಾಗಿರಬೇಕು, 1 ಮೋಲಾರ್ ಫಾಸ್ಫೇಟ್‌ನಷ್ಟು, ಕಿಣ್ವ ಮೊದಲು ಅಂಟಿಕೊಂಡು ಆಮೇಲೆ ನಿಧಾನಕ್ಕೆ ಕಚ್ಚಲಿ ಅಂತ.

ಬರಿ ಅಂಟಿಸುವುದು ಕೀಳು ಅಂತ ಮಾತ್ರ ತಿಳಿಯಬೇಡಿ. ಆಸರೆಯ ಮೇಲಿನ ಕಿಣ್ವವನ್ನು ಕಾರ್ಖಾನೆಯಲ್ಲಿ ಮೊದಲು ಬಳಸಿದ್ದು ಜಪಾನಿನ ತನಾಬೆ ಕಂಪನಿ, 1969ರಲ್ಲಿ, ಚಿಬಾತಾ ಅವರ ತಂಡ. ಅಮೈನೋ ಆಮ್ಲಗಳನ್ನು ಬೇರ್ಪಡಿಸಲು ಅಮೈನೋಅಸೈಲೇಸನ್ನು ಡಿಇಎಇ-ಸೆಫಡೆಕ್ಸ್ ಎಂಬ ಧನ ಆವೇಶದ ಆಸರೆಗೆ ಬರಿ ಆವೇಶದ ಸೆಳೆತದಿಂದ ಅಂಟಿಸಿದ್ದರು. ಕಿಣ್ವ ಸೊರಗಿದಾಗ ಅದೇ ಕಾಲಮ್‌ಗೆ ಹೊಸ ಕಿಣ್ವ ಹರಿಸಿ ಮತ್ತೆ ತುಂಬಿಕೊಳ್ಳುತ್ತಿದ್ದರು, ಆಸರೆ ಬಿಸಾಡುವ ಪ್ರಶ್ನೆಯೇ ಇರಲಿಲ್ಲ. ಕಚ್ಚಿಸಿದ್ದರೆ ಅದು ಆಗುತ್ತಿರಲಿಲ್ಲ. ನಿಮಗೂ ಆ ದಾರಿ ಇದೆ, ಡಿಇಎಇ-ಸೆಲ್ಯುಲೋಸ್. ಆದರೆ ಪಿಎಚ್ 4.5ರಲ್ಲಿ ಎಷ್ಟು ಹಿಡಿದಿಡುತ್ತದೆ ಅನ್ನುವುದನ್ನು ಮೇಲಿನ ಸೋರಿಕೆ ಪರೀಕ್ಷೆಯಿಂದ ನೋಡಿಯೇ ಮುಂದುವರಿಯಿರಿ, ಉಪ್ಪು ಜಾಸ್ತಿಯಾದರೂ ಅದು ಕೈಬಿಡುತ್ತದೆ.

ಮೊದಲ ವಾರ ಮಾಡಬೇಕಾದದ್ದು ಒಂದೇ. ನಿಮ್ಮ ಹಳೆ ಪ್ರಯೋಗವನ್ನೇ ಗ್ಲೂಟರಾಲ್ಡಿಹೈಡ್ ಹಾಕದೆ ಇನ್ನೊಮ್ಮೆ ಮಾಡಿ. ಮೊದಲ ಸಲ, ಎರಡನೇ ಸಲ, ಮೂರನೇ ಸಲದ ಅಂಕೆಗಳು ಹೆಚ್ಚುಕಡಿಮೆ ಅವೇ ಬಂದರೆ ನಾನು ಹೇಳಿದ್ದು ಸರಿ, ಪೆರಿಯೊಡೇಟ್‌ಗೆ ಹೋಗಿ. ಬೇರೆ ಬಂದರೆ ಅಂಕೆಗಳ ಸಮೇತ ಮತ್ತೆ ಬರೆಯಿರಿ, ನೋಡೋಣ.

ಹಾಂ, ಇನ್ನೊಂದು. ಕಟ್ಟಿದ ಕಾಗದವನ್ನು ಒಣಗಿಸಿ ಕವರ್‌ನಲ್ಲಿ ಇಡಬೇಡಿ. ಸೆಲ್ಯುಲೋಸ್ ಒಣಗುವಾಗ ಅದರ ಸಣ್ಣ ರಂಧ್ರಗಳು ಕುಸಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮತ್ತೆ ನೀರಿಗೆ ಹಾಕಿದರೂ ಎಲ್ಲ ತೆರೆಯುವುದಿಲ್ಲ, ಒಳಗಿದ್ದ ಕಿಣ್ವ ಬಾಗಿಲು ಹಾಕಿದ ಮನೆಯಲ್ಲಿ ಉಳಿದಂತೆ. ಬಫರ್‌ನಲ್ಲೇ ಒದ್ದೆಯಾಗಿ, 4 ಡಿಗ್ರಿಯಲ್ಲಿ ಇಡಿ.